ಒಂದೇ ಹಿಡಿತದ ಲೇತು

ನಮ್ಮೂರಿನ ಕ್ಷೌರಿಕ ಚಿಕ್ಕಣ್ಣ ಗಿರಾಕಿ ಕುರ್ಚಿಯ ಮೇಲೆ ಕೂತ ತಕ್ಷಣ ಬಾಗಿಲಿಗೆ ಅಗಳಿ ಹಾಕುತ್ತಾನೆ. ಹೊಸಬರು ಹೆದರುತ್ತಾರೆ, ನಾವು ಹೆದರುವುದಿಲ್ಲ. ಒಮ್ಮೆ ಪುರಸಭೆಯ ಅಧ್ಯಕ್ಷರು ಅರ್ಧ ಮೀಸೆ ಕತ್ತರಿಸಿಕೊಂಡು, ಯಾರೋ ಕರೆದರು ಅಂತ ಹೊರಗೆ ಹೋಗಿ ಬಂದು, ಉಳಿದರ್ಧಕ್ಕೆ ಕೂತರು. ಚಿಕ್ಕಣ್ಣ ದೇವರಾಣೆಗೂ ಸರಿಯಾಗಿಯೇ ಕತ್ತರಿಸಿದ. ಆದರೂ ಇವತ್ತಿಗೂ ಅವರ ಎಡಮೀಸೆ ಅವರದು, ಬಲಮೀಸೆ ಅವರ ಭಾವಮೈದುನನದು. ನಮ್ಮೂರೇ ಹಾಗೆ. ಅರ್ಧಕ್ಕೆ ಕೈಬಿಟ್ಟ ಕೆಲಸವನ್ನು ಮತ್ತೆ ಹಿಡಿದರೆ ಅದು ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಸೂರ್ಯ ಪೂರ್ವದಲ್ಲೇ ಯಾಕೆ ಹುಟ್ಟುತ್ತಾನೆ ಅಂತ ನಿಮ್ಮನ್ನು ನಾನು ಕೇಳಿದೆನೇ?

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಮುಂದಿಟ್ಟ ದೋಸೆ ಮುಗಿಯುವವರೆಗೆ ಮನೆಗೆ ಬೆಂಕಿ ಬಿದ್ದರೂ ಯಾರೂ ಏಳುವುದಿಲ್ಲ. ಎದ್ದು ಬಂದರೆ ತಟ್ಟೆಯಲ್ಲಿರುವುದು ದೋಸೆಯೂ ಅಲ್ಲದ, ಉತ್ತಪ್ಪವೂ ಅಲ್ಲದ ಒಂದು ಪದಾರ್ಥ. ಶಾಲೆಯ ಮೇಷ್ಟ್ರು ಗಂಟೆ ಹೊಡೆದರೂ ಪಾಠ ನಿಲ್ಲಿಸುವುದಿಲ್ಲ. ಒಂದು ವರ್ಷ ಮಾತ್ರ ಏಳರ ಮಗ್ಗಿಯನ್ನು ಅರ್ಧಕ್ಕೆ ಬಿಟ್ಟು ಮರುದಿನ ಮುಂದುವರಿಸಿದ್ದರು. ಆ ವರ್ಷ ಓದಿದವರೇ ಈಗ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ, ಏಳು ಕೆಜಿ ಸಕ್ಕರೆ ಕೇಳಲು ಹೋಗಬೇಡಿ. ಪುರಾಣ ಹೇಳುವ ಶಾಸ್ತ್ರಿಗಳಿಗೆ ವನವಾಸದ ಹೊತ್ತಿಗೆ ಸರಿಯಾಗಿ ಕೆಮ್ಮು ಬಂತು, ನೀರು ಕುಡಿಯಲು ಎದ್ದುಹೋದರು. ತಿರುಗಿ ಬಂದು ಹೇಳಿದ ಕಥೆಯಲ್ಲಿ ಕಾಡಿಗೆ ಹೋದವಳು ಊರ್ಮಿಳೆ. ಜನಕ್ಕೆ ಅದೇ ಹಿಡಿಸಿತು, ಈಗಲೂ ಅದನ್ನೇ ಹೇಳಿಸುತ್ತಾರೆ. ಗೋಡೆ ಕಟ್ಟುವವರು ನೆಂಟರನ್ನೆಲ್ಲ ಸೇರಿಸಿಕೊಂಡು ಒಂದೇ ಉಸಿರಿಗೆ ಕಟ್ಟುತ್ತಾರೆ, ನೆಂಟರಿಲ್ಲದವರ ಮನೆ ವಾಲಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನಮ್ಮೂರಲ್ಲಿ ನಡೆಯುವುದಿಲ್ಲ, ಯಾಕೆಂದರೆ ನೆಲ ನಿಜಕ್ಕೂ ಡೊಂಕೇ.

ನನ್ನ ಹೆಸರು ಮೌನೇಶ್ವರಿ. ನಗುವುದಾದರೆ ಈಗಲೇ ಪೂರ್ತಿ ನಕ್ಕುಬಿಡಿ, ಅರ್ಧಕ್ಕೆ ನಿಲ್ಲಿಸಬೇಡಿ. ಹೆಸರಿಡುವಾಗ ಮಗಳು ಮುಂದೆ ಹೇಗಾಗುತ್ತಾಳೆ ಅಂತ ನಮ್ಮಪ್ಪನಿಗೆ ಏನು ಗೊತ್ತಿತ್ತು, ಪಾಪ. ಮೌನ ಏನಿದ್ದರೂ ನಮ್ಮ ಯಜಮಾನರದು. ಅವರು ಕಾಳಪ್ಪಾಚಾರ್ರು. ಇಬ್ಬರದೂ ಸೇರಿ ಒಂದು ವರ್ಕ್‌ಶಾಪು. ಗೋಡೆಯ ಕಡೆ ಅವರ ಲೇತು, ಕಿಟಕಿಯ ಕಡೆ ನನ್ನ ಮಿಲ್ಲಿಂಗ್ ಮಿಷನ್ನು. ಊರಿಗೆ ನೀರೆತ್ತುವ ಪಂಪುಗಳ ಶಾಫ್ಟು ಮಾಡುವುದು ನಮ್ಮ ಕಸುಬು. ಅವರು ಕಬ್ಬಿಣದ ಸಲಾಕೆಯನ್ನು ಲೇತಿಗೆ ಕಟ್ಟಿ ಗುಂಡಗೆ ತಿರುವುತ್ತಾರೆ. ಆಮೇಲೆ ಅದನ್ನು ಬಿಚ್ಚಿ ನನಗೆ ಕೊಡುತ್ತಾರೆ. ನಾನು ಅದನ್ನು ನನ್ನ ಮಿಷನ್ನಿನ ವೈಸಿನಲ್ಲಿ, ಅಂದರೆ ಅದರ ಎರಡು ದವಡೆಗಳ ನಡುವೆ, ಬಿಗಿದು, ಮೈಮೇಲೆ ಉದ್ದಕ್ಕೆ ಒಂದು ತೋಡು ಕೊರೆಯುತ್ತೇನೆ. ಅದಕ್ಕೆ ಕೀವೇ ಅನ್ನುತ್ತೇವೆ. ಆ ತೋಡಿನಲ್ಲಿ ಕೀಲಿ ಕೂತರೆ ಪಂಪಿನ ಚಕ್ರ ಶಾಫ್ಟಿನ ಮೇಲೆ ಜಾರದೆ ತಿರುಗುತ್ತದೆ. ಕೀವೇ ಶಾಫ್ಟಿನ ನಟ್ಟನಡುವೆ ಇರಬೇಕು. ಇರುವುದಿಲ್ಲ. ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಹಿಡಿದದ್ದು ಅಂದಮೇಲೆ ನಮ್ಮೂರಲ್ಲಿ ಅದು ಕೂದಲೆಳೆಯಷ್ಟು ಸರಿದೇ ಸರಿಯುತ್ತದೆ.

ಇದು ಊರಿನ ಗುಣ ಅಂತ ಇಬ್ಬರಿಗೂ ಗೊತ್ತು. ಆದರೂ ಗಂಡ ಹೆಂಡತಿ ಅಂದಮೇಲೆ ತಪ್ಪನ್ನು ಊರಿಗೆ ಬಿಟ್ಟುಕೊಡಲಾಗುತ್ತದೆಯೇ? ಮದುವೆಯಾದ ಹೊಸತರಲ್ಲಿ ನಾನು ಕೊರೆದ ಮೊದಲನೇ ಕೀವೇ ಸರಿದಾಗ, ನಿನ್ನ ಹಿಡಿತ ಸರಿಯಿಲ್ಲ ಅಂತ ಅವರು, ನಿಮ್ಮ ತಿರುವು ಸರಿಯಿಲ್ಲ ಅಂತ ನಾನು, ಜೋರು ಜಗಳ ಹತ್ತಿತು. ಜಗಳ ಒಳ್ಳೆ ಕಾವಿಗೆ ಬಂದಾಗ ನಮ್ಮತ್ತೆ ಊಟಕ್ಕೆ ಕರೆದರು, ಎದ್ದುಹೋದೆವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಉಣ್ಣಲು ಎದ್ದದ್ದರಿಂದಲೇ ಕೆಟ್ಟಿತು. ಆಮೇಲೆ ಒಂದೆರಡು ಸಲ ಮುಂದುವರಿಸಲು ನೋಡಿದೆವು. ಕೀವೇಯಿಂದ ಹೊರಟ ಜಗಳ ನಮ್ಮಮ್ಮನ ಉಪ್ಪಿನಕಾಯಿಯ ಹತ್ತಿರ ಹೋಗಿ ನಿಂತಿತು. ಹಾಗಾಗಿ ಆ ಮಾತನ್ನೇ ಎತ್ತದೆ ಮೂವತ್ತು ವರ್ಷ ಸಂಸಾರ ಮಾಡಿದೆವು. ಅವರು ತಿರುವಿದ್ದನ್ನು ನಾನು ಅಳೆಯುವುದಿಲ್ಲ, ನಾನು ಕೊರೆದದ್ದನ್ನು ಅವರು ಅಳೆಯುವುದಿಲ್ಲ. ಅಳೆದರೆ ಬಡಿಸಿದವರ ಎದುರಿಗೇ ಅನ್ನ ಮೂಸಿ ನೋಡಿದ ಹಾಗೆ.

ಆದರೆ ಅಂಗಡಿಯ ಹೆಸರು ಉಳಿಯಬೇಕಲ್ಲ. ನಾನೊಂದು ಉಪಾಯ ಮಾಡಿಕೊಂಡಿದ್ದೆ. ಶಾಫ್ಟನ್ನು ವೈಸಿನಲ್ಲಿ ಬಿಗಿಯುವಾಗ ಒಂದು ದವಡೆಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದ ತುಂಡನ್ನು ಸೇರಿಸುವುದು. ಕಾಗದದ ದಪ್ಪದಷ್ಟು ಶಾಫ್ಟು ಸರಿಯುತ್ತದೆ, ಊರು ಆಚೆ ತಳ್ಳಿದ್ದನ್ನು ನಾನು ಈಚೆ ಎಳೆದುಕೊಂಡ ಹಾಗಾಯಿತು. ಅವರು ಬೆನ್ನು ತಿರುಗಿಸಿದಾಗಲೇ ಇಡುತ್ತಿದ್ದೆ. ಕಂಡರೆ, ನನ್ನ ಹಿಡಿತ ಸರಿಯಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತದಲ್ಲ. ನಮ್ಮವರು ಸಿಗರೇಟು ಸೇದುವವರಲ್ಲ. ಮೂಲೆ ಅಂಗಡಿಯಲ್ಲಿ ನಾನೇ ಪ್ಯಾಕು ಕೊಂಡು ತಂದು, ಕಾಗದ ತೆಗೆದುಕೊಂಡು ಸಿಗರೇಟನ್ನು ತಿಪ್ಪೆಗೆ ಎಸೆಯುತ್ತಿದ್ದೆ. ಆಚಾರ್ರ ಹೆಂಡತಿ ಕದ್ದು ಸಿಗರೇಟು ಸೇದುತ್ತಾಳೆ ಅಂತ ಊರಿಗೆ ಊರೇ ಮಾತಾಡಿಕೊಂಡಿತು. ಮಾತಾಡಿಕೊಳ್ಳಲಿ ಅಂತ ನಾನೂ ಬಿಟ್ಟೆ, ಸ್ವಲ್ಪ ಮರ್ಯಾದೆಯೇ ಹೆಚ್ಚಾಗಿತ್ತು.

ಇಷ್ಟೆಲ್ಲ ಮಾಡಿಯೂ ಕೀವೇ ನಡುವಿಗೆ ಬರಲಿಲ್ಲ. ಎರಡು ಕಾಗದ ಇಟ್ಟು ನೋಡಿದೆ, ಇನ್ನೂ ಕೆಟ್ಟಿತು. ಇದ್ದ ಒಂದನ್ನೂ ತೆಗೆದು ನೋಡೋಣ ಅಂತ ಮಾತ್ರ ಹೊಳೆಯಲಿಲ್ಲ. ಕಾಯಿಲೆ ವಾಸಿಯಾಗಲಿಲ್ಲ ಅಂತ ಯಾರಾದರೂ ಔಷಧ ಬಿಡುತ್ತಾರೆಯೇ? ಸರಿದದ್ದು ಎಡಕ್ಕೋ ಬಲಕ್ಕೋ ಅನ್ನುವುದೂ ತಿಳಿಯುತ್ತಿರಲಿಲ್ಲ, ಶಾಫ್ಟನ್ನು ತಿರುಗಿಸಿ ಹಿಡಿದರೆ ಎಡವೇ ಬಲ. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ತೀರ್ಮಾನ. ನನ್ನ ಕೈ ಸರಿಯಿದೆ, ತಪ್ಪು ಅವರದು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಹೋದ ಬೇಸಿಗೆಯಲ್ಲಿ ನೀರು ಸರಬರಾಜಿನ ಇಂಜಿನಿಯರ್ ತಿಪ್ಪೇಸ್ವಾಮಿ ಅಂಗಡಿಗೆ ಬಂದ. ಶರ್ಟು ಒದ್ದೆ. ಮೇಲಿನ ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದು ಅವನ ಕಚೇರಿಗೆ ಹೋಗಿ, ಇದ್ದ ಒಂದು ಕೊಡ ನೀರನ್ನು ಅವನ ತಲೆಯ ಮೇಲೆ ಸುರಿದು ಬಂದಿದ್ದರಂತೆ. ಪಂಪು ಗಡಗಡ ಅಲ್ಲಾಡುತ್ತದೆ, ಬೇರಿಂಗು ನಿಲ್ಲುವುದಿಲ್ಲ, ಎಲ್ಲದಕ್ಕೂ ನಿಮ್ಮ ಕೀವೇಯೇ ಮೂಲ ಅಂದ. ದೀಪಾವಳಿಯ ಹೊತ್ತಿಗೆ ನೇರ ಇರುವ ಶಾಫ್ಟು ಕೊಟ್ಟರೆ ಸರಿ, ಇಲ್ಲದಿದ್ದರೆ ಹೊರಗಿನಿಂದ ತರಿಸುತ್ತೇನೆ ಅಂದ. ಪಂಪಿನ ಶಾಫ್ಟು ಹೋದರೆ ನಮ್ಮಲ್ಲಿ ಉಳಿಯುವುದು ಕುರ್ಚಿಯ ಕಾಲು ರಿಪೇರಿ. ಹೋಗುವ ಮುಂಚೆ ಅವನೇ ಉಪಾಯವನ್ನೂ ಹೇಳಿದ. ಈಗ ಸಿಎನ್‌ಸಿ ಲೇತು ಬಂದಿದೆ, ಕಂಪ್ಯೂಟರು ನಡೆಸುವಂಥದು, ಅದರೊಳಗೇ ಮಿಲ್ಲಿಂಗೂ ಇರುತ್ತದೆ. ಶಾಫ್ಟನ್ನು ಒಂದು ಸಲ ಹಿಡಿದರೆ ಮುಗಿಯಿತು. ಗುಂಡಗೆ ತಿರುವಿ, ಹಾಗೇ ನಿಲ್ಲಿಸಿ, ಕೀವೇ ಕೊರೆದು, ಎಲ್ಲ ಆದಮೇಲೆಯೇ ಬಿಡುತ್ತದೆ. ನಡುವೆ ಬಿಚ್ಚುವ ಮಾತೇ ಇಲ್ಲ.

ನಮ್ಮೂರಿಗೆ ಹೇಳಿ ಮಾಡಿಸಿದ ಹಾಗಿತ್ತು. ನಮ್ಮವರ ಕಣ್ಣು ಅರಳಿತು. ನಾನು ಕಿಟಕಿಯ ಕಡೆಯ ನನ್ನ ಮಿಷನ್ನನ್ನು ನೋಡಿದೆ. ಯಾಕೆ ಅಂತ ಬಿಡಿಸಿ ಹೇಳಬೇಕೇ? ಒಂದೇ ಮಿಷನ್ನು ಎರಡೂ ಕೆಲಸ ಮಾಡಿದರೆ ಇಬ್ಬರು ಯಾಕೆ ಬೇಕು? ಅದರ ಹೆಸರೇ ಲೇತು, ಮೈಯೂ ಲೇತಿನದು. ಮಿಲ್ಲಿಂಗು ಅದಕ್ಕೆ ಮೆತ್ತಿದ ಬಾಲ. ಲೇತು ನಮ್ಮವರದು. ಅಂದಮೇಲೆ ಕಿಟಕಿಯ ಕಡೆಯ ಹೆಂಗಸಿಗೆ ಅಡುಗೆಮನೆಯ ದಾರಿ. ದಿನವಿಡೀ ಅವರು ತಿರುವಿದ ಬಿಸಿ ಶಾಫ್ಟನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತೇನಲ್ಲ, ನಮ್ಮ ಸಂಸಾರದಲ್ಲಿ ಅವರು ನನ್ನ ಕೈಗೆ ಕೊಡುವುದು ಅದೊಂದೇ. ಅದೂ ಹೋದರೆ ನಾನು ಅವರಿಗೆ ಏನಾಗಬೇಕು ಅನ್ನುವುದು ನನ್ನ ಭಯ. ಬಾಯಿಬಿಟ್ಟು ಹೇಳಲಿಲ್ಲ. ಊರೆಲ್ಲ ಹರಟುವ ಬಾಯಿ ಇದೊಂದಕ್ಕೆ ಕಟ್ಟಿಹೋಯಿತು.

ಮಿಷನ್ನು ಮಾರುವ ಸುರೇಂದ್ರ ಪೈ ಚಿತ್ರದ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ನಮ್ಮ ಅಂಗಡಿಗೆ ಬಂದ. ಹೊರಗಿನವನು, ಊರಿನ ರೀತಿ ಗೊತ್ತಿಲ್ಲ. ಮೊದಲು ಹಿತ್ತಲು ತೋರಿಸಿ, ಹೋಗುವುದಿದ್ದರೆ ಈಗಲೇ ಹೋಗಿ ಬನ್ನಿ ಅಂದೆ. ನಾಚಿಕೊಂಡು ಬೇಡ ಅಂದ. ಸರಿ ಅಂತ ಬಾಗಿಲಿಗೆ ಅಗಳಿ ಹಾಕಿದೆ. ವ್ಯಾಪಾರದ ಮಾತು ನಮ್ಮಲ್ಲಿ ಹಾಗೆಯೇ, ನಡುವೆ ಎದ್ದರೆ ಕೆಟ್ಟಿತು. ಹಿಂದೊಮ್ಮೆ ಗಿರಣಿ ಮಾದಪ್ಪ ಹಿಟ್ಟಿನ ಮಿಷನ್ನಿಗೆ ಚೌಕಾಸಿ ಮಾಡುತ್ತಿದ್ದಾಗ ಮಾರುವವನು ಬೀಡಿ ಸೇದಲು ಹೊರಗೆ ಹೋಗಿ ಬಂದ. ಮಾತು ಮುಗಿದು ಮಿಷನ್ನೂ ಬಂತು. ಅದು ರಾಗಿಯನ್ನು ಬಿಟ್ಟು ಉಳಿದೆಲ್ಲವನ್ನೂ ಬೀಸುತ್ತದೆ.

ಪೈ ಎರಡು ಲೇತು ತೋರಿಸಿದ. ಒಂದು ದೊಡ್ಡದು. ಅದರ ಮಿಲ್ಲಿಂಗು ಗಟ್ಟಿ, ಕೊರೆಯುವ ಟೂಲಿಗೆ ತನ್ನದೇ ಮೋಟಾರು, ನಡುವಿನಿಂದ ಮೇಲಕ್ಕೂ ಕೆಳಕ್ಕೂ ಸರಿದು ಎಲ್ಲಿ ಬೇಕಾದರೂ ಕೊರೆಯುತ್ತದೆ. ಶಾಫ್ಟನ್ನು ಇಟ್ಟು ಗುಂಡಿ ಒತ್ತಿದರೆ ಉಳಿದದ್ದೆಲ್ಲ ಅದೇ ಮಾಡಿಕೊಳ್ಳುತ್ತದೆ. ಬೆಲೆ ಕೇಳಿ ನಮ್ಮ ಅಂಗಡಿಯನ್ನು ಒಮ್ಮೆ ನೋಡಿದೆ. ಇದನ್ನು ಮಾರಿದರೆ ಅದರ ಬಾಗಿಲು ಬರಬಹುದು. ಇನ್ನೊಂದು ಸಣ್ಣದು, ಅಗ್ಗದ್ದು. ತಿರುವುವ ಕೆಲಸ ಚೆನ್ನ, ಮಿಲ್ಲಿಂಗು ಮಾತ್ರ ಹೆಸರಿಗೆ. ಹಿತ್ತಾಳೆ ಕೊರೆದೀತು, ನಮ್ಮ ಶಾಫ್ಟಿನ ಕಬ್ಬಿಣಕ್ಕೆ ಕೈಕಾಲು ನಡುಗೀತು. ನಾನು ಸಣ್ಣದನ್ನೇ ಹಿಡಿದು ಕೂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಗಾದೆ ಹೇಳಿದೆ. ಮನಸ್ಸಿನೊಳಗಿನ ಲೆಕ್ಕ ಬೇರೆ. ಅದರ ಮಿಲ್ಲಿಂಗು ಕೈಕೊಟ್ಟರೆ ಕೊನೆಗೆ ನನ್ನ ಹತ್ತಿರವೇ ಬರಬೇಕು.

ನಮ್ಮವರು ಮಾತ್ರ ದೊಡ್ಡದರ ಪುಟ ಬಿಟ್ಟು ಅಲ್ಲಾಡಲಿಲ್ಲ. ತಿಂಗಳಿಗೆ ಹತ್ತು ಮಾತಾಡುವ ಮನುಷ್ಯ, ಅವತ್ತು ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು. ಎಲ್ಲವೂ ಮಿಲ್ಲಿಂಗಿನದೇ. ಟೂಲಿನ ಮೋಟಾರಿಗೆ ಎಷ್ಟು ಶಕ್ತಿ, ಉದ್ದ ಕೀವೇ ಕೊರೆದರೆ ಬಿಸಿಯಾಗುತ್ತದೆಯೇ, ಗಟ್ಟಿ ಕಬ್ಬಿಣಕ್ಕೆ ನಡುಗುತ್ತದೆಯೇ. ಲೇತಿನ ಬಗ್ಗೆ ಒಂದೇ ಒಂದು ಮಾತಿಲ್ಲ. ನನ್ನನ್ನು ಮನೆಗೆ ಕಳಿಸಲು ಇಷ್ಟು ಅವಸರವೇ ಅಂತ ನನಗೆ ಕಣ್ಣು ಉರಿಯಿತು. ಅಷ್ಟರಲ್ಲಿ ಪೈ ಚಡಪಡಿಸತೊಡಗಿದ. ಬಿಸಿಲಲ್ಲಿ ಬಂದವನು ಅಂತ ನಾನು ಲೋಟದ ಮೇಲೆ ಲೋಟ ಮಜ್ಜಿಗೆ ಕೊಟ್ಟಿದ್ದೆ. ಬಾಗಿಲು ತೆಗೆಯಿರಿ ಮೇಡಂ ಅಂತ ಬೇಡಿಕೊಂಡ. ತೆಗೆದರೆ ಮಾತು ಕೆಡುತ್ತದೆ ಅಂದೆ. ತೆಗೆಯದಿದ್ದರೆ ಇನ್ನೇನೋ ಕೆಡುತ್ತದೆ ಅಂತ ಅವನು. ಕೊನೆಗೆ, ಮಾತೇ ಆಗಲಿಲ್ಲ ಅಂತ ಮೂವರೂ ಒಪ್ಪಿ, ಅವನ ಷೆಡ್ಡಿಗೇ ಬಂದು ಕಣ್ಣಾರೆ ನೋಡುವುದು ಅಂತ ಗೊತ್ತು ಮಾಡಿ, ಅಗಳಿ ತೆಗೆದೆವು. ಅವನು ಓಡಿದ ಓಟ ನೋಡಬೇಕಿತ್ತು.

ಪೈಯ ಷೆಡ್ಡು ನಮ್ಮೂರಿನ ಗಡಿಯಾಚೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ನಡುವೆ ಇಳಿಯದೆ ಹೋಗಿ ತಲುಪಿದೆವು. ಸಾಲಾಗಿ ನಿಂತ ಹೊಸ ಮಿಷನ್ನುಗಳ ಹಿಂದೆ, ರಿಪೇರಿ ಕೆಲಸಕ್ಕೆ ಅಂತ ಒಂದು ಹಳೆಯ ಲೇತು, ಪಕ್ಕದಲ್ಲೇ ಒಂದು ಹಳೆಯ ಮಿಲ್ಲಿಂಗ್ ಮಿಷನ್ನು ಇಟ್ಟಿದ್ದ, ನಮ್ಮವುಗಳ ಹಾಗೇ. ಅವುಗಳನ್ನು ಕಂಡದ್ದೇ ನನಗೊಂದು ಯೋಚನೆ ಬಂತು. ಇಲ್ಲಿ ನಮ್ಮೂರಿನ ಕಾಟ ಇಲ್ಲ. ಇಲ್ಲಿ ಅವರು ತಿರುವಿ ನಾನು ಕೊರೆದ ಶಾಫ್ಟು ಸರಿದರೆ, ಅದು ಊರಿನ ತಪ್ಪಲ್ಲ, ನಮ್ಮಿಬ್ಬರಲ್ಲಿ ಒಬ್ಬರದು. ಮಿಷನ್ನು ಕೊಳ್ಳುವ ಮೊದಲು ನಮ್ಮ ಕೈಯದೂ ಒಂದು ನೋಡೋಣ ಅಂತ ಪೈಗೆ ಹೇಳಿದೆ. ನನ್ನ ಲೆಕ್ಕ ನಮ್ಮವರಿಗೂ ಅರ್ಥವಾಗಿತ್ತು. ಹೂಂ ಅಂದು ಅಂಗಿಯ ತೋಳು ಮಡಚಿದರು.

ಅವರು ತಿರುವಿದರು. ಬಿಚ್ಚಿ ಕೊಟ್ಟರು. ನಾನು ಹಿಡಿದು ಕೊರೆದೆ. ಪೈ ಗೇಜು ಹಿಡಿದು ಅಳೆದವನು ಮೊದಲು ಹುಬ್ಬೇರಿಸಿದ, ಆಮೇಲೆ ನಕ್ಕುಬಿಟ್ಟ. ನಿಮ್ಮೂರಲ್ಲಿ ಒಂದು ಕೂದಲೆಳೆ ಅಂದಿದ್ದಿರಿ, ಇಲ್ಲಿ ಎರಡು ಸರಿದಿದೆ ಅಂದ. ನನ್ನ ಮುಖ ಸುಟ್ಟುಹೋಯಿತು. ಅವನು ಅಷ್ಟಕ್ಕೇ ಬಿಡದೆ ಮಿಷನ್ನಿನ ಹತ್ತಿರ ಹೋಗಿ ಬಗ್ಗಿ ನೋಡಿ, ವೈಸಿನ ದವಡೆಯಿಂದ ಏನನ್ನೋ ಉಗುರಿನಿಂದ ಬಿಡಿಸಿ ಹಿಡಿದ. ಬೆಳ್ಳಿ ಕಾಗದ. ಇಲ್ಲಿ ಅದು ಬೇಕಿಲ್ಲ ಅಂತ ನನಗೆ ಗೊತ್ತಿತ್ತಲ್ಲ, ಆದರೂ ಕೈ ತನ್ನಷ್ಟಕ್ಕೆ ಇಟ್ಟುಬಿಟ್ಟಿತ್ತು. ಸೆರಗಿನ ಗಂಟಿನಲ್ಲಿ ಅದು ಯಾವಾಗಲೂ ಇರುತ್ತದೆ. ನಮ್ಮವರು ಆ ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಾಗದದಿಂದ ಒಂದು ಕೂದಲೆಳೆ ಸರಿ, ಇನ್ನೊಂದು ಎಲ್ಲಿಂದ ಬಂತು ಅಂತ ಪೈ ಶಾಫ್ಟಿನ ತುದಿಗೆ ಡಯಲ್ ಗೇಜು ಹಚ್ಚಿ ತಿರುಗಿಸಿದ. ಮುಳ್ಳು ಅಲ್ಲಾಡಿತು. ನಾನು ವೈಸಿನಲ್ಲಿ ಹಿಡಿಯುವ ತುದಿ, ಕೊನೆಗೆ ಕತ್ತರಿಸಿ ಬಿಸಾಡುವ ತುದಿ, ಅದನ್ನು ನಮ್ಮವರು ಕೂದಲೆಳೆಯಷ್ಟು ನಡು ತಪ್ಪಿಸಿ ತಿರುವಿದ್ದರು. ಆ ತುದಿಗೆ ಒಂದು ಚುಕ್ಕೆ ಕುಟ್ಟಿ, ಚುಕ್ಕೆ ನನ್ನ ಕಡೆ ಇರುವ ಹಾಗೆ ಕೊಡುವುದು ಮೊದಲಿನಿಂದಲೂ ಅವರ ಪದ್ಧತಿ. ಕುಂಕುಮ ಇಟ್ಟ ಹಾಗೆ ಅದೂ ಒಂದು ಶಾಸ್ತ್ರ ಅಂದುಕೊಂಡು, ಹೇಗೆ ಕೊಟ್ಟರೋ ಹಾಗೇ ಹಿಡಿಯುತ್ತಿದ್ದೆ. ಶಾಸ್ತ್ರವೂ ಅಲ್ಲ, ಮಣ್ಣೂ ಅಲ್ಲ, ನಡು ತಪ್ಪಿಸಿದ್ದು ಯಾವ ಕಡೆಗೆ ಅನ್ನುವುದರ ಗುರುತು. ಊರು ಆಚೆ ತಳ್ಳುವುದನ್ನು ಅವರೂ ಈಚೆ ಎಳೆಯುತ್ತಿದ್ದರು. ಊರು ತಳ್ಳಿದ್ದು ಒಂದು. ಅವರು ಎಳೆದದ್ದು ಒಂದು. ಅಲ್ಲಿಗೆ ಸರಿಹೋಗುತ್ತಿತ್ತು. ಅದರ ಮೇಲೆ ನಾನೊಂದು ಎಳೆಯುತ್ತಿದ್ದೆ.

ಯಾಕೆ ಮಾಡಿದಿರಿ ಅಂತ ಕೇಳಿದೆ.

"ಕೀವೇ ಸರಿದರೆ ಎಲ್ಲರೂ ಕೊರೆದೋರನ್ನೇ ಬೈತಾರೆ," ಅಂದರು. "ತಿರುವಿದೋರನ್ನ ಯಾರೂ ಕೇಳಲ್ಲ. ನಿನ್ನ ಮೇಲೆ ಮಾತು ಬರಬಾರದು ಅಂತ."

ಮೂವತ್ತು ವರ್ಷ, ನೋಡಿ. ಮೂವತ್ತು ವರ್ಷ ನಾನು ಈ ಮನುಷ್ಯನ ಕೈಯನ್ನು ಮನಸ್ಸಿನಲ್ಲೇ ಬೈದುಕೊಂಡು ಊಟ ಬಡಿಸಿದ್ದೆ. ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅದೇ ಶಾಫ್ಟಿನಿಂದ ತಲೆಗೆ ಒಂದು ಬಿಡಬೇಕು ಅಂತಲೂ ಅನ್ನಿಸಿತು. ಪೈ ನಿಂತಿದ್ದನಲ್ಲ, ಎರಡನ್ನೂ ಮಾಡಲಿಲ್ಲ.

ನಮ್ಮವರು ಇನ್ನೊಂದು ಸಲಾಕೆ ತೆಗೆದು ಲೇತಿಗೆ ಕಟ್ಟಿದರು. ಈ ಸಲ ಚುಕ್ಕೆ ಕುಟ್ಟಲಿಲ್ಲ. ನಾನು ಕಾಗದ ಇಡಲಿಲ್ಲ. ಪೈ ಅಳೆದ, ಗೇಜು ಒರೆಸಿಕೊಂಡು ಇನ್ನೊಮ್ಮೆ ಅಳೆದ. ಕೀವೇ ನಟ್ಟನಡುವೆ ಕೂತಿತ್ತು. ಅವರ ಕೈಯೂ ಸರಿ, ನನ್ನ ಕೈಯೂ ಸರಿ. ಪೈಯ ಮುಖ ಮಾತ್ರ ಸಪ್ಪಗಾಯಿತು. ಲೆಕ್ಕ ಅವನಿಗೂ ಹೊಳೆದಿತ್ತು. ಇನ್ನು ಊರಿಗೆ ಹೋಗಿ ಇಬ್ಬರಲ್ಲಿ ಒಬ್ಬರು ಮಾತ್ರ ಉಪಾಯ ಮಾಡಿ ಇನ್ನೊಬ್ಬರು ಸುಮ್ಮನಿದ್ದರೆ ಸಾಕು, ಶಾಫ್ಟು ನೇರ ಬರುತ್ತದೆ. ಇವನ ಲೇತು ಯಾರಿಗೆ ಬೇಕು?

ನಿನ್ನ ಕಾಗದವೇ ಇರಲಿ, ನಾನು ಬಿಡುತ್ತೇನೆ ಅಂದರು ನಮ್ಮವರು. ಬೇಡ, ನಿಮ್ಮ ಚುಕ್ಕೆಯೇ ಇರಲಿ, ನಾನು ಬಿಡುತ್ತೇನೆ ಅಂದೆ. ಇಲ್ಲ ನಿನ್ನದು. ಇಲ್ಲ ನಿಮ್ಮದು. ಹೀಗೆ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತ ನಿಂತಾಗ ನನಗೆ ನಮ್ಮ ಮುಂದಿನ ಗತಿ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಊರಿಗೆ ಹೋದಮೇಲೆ ಅವರು ನನ್ನ ಮುಖ ನೋಡಿ ಬಿಡುತ್ತಾರೆ, ನಾನು ಅವರ ಮುಖ ನೋಡಿ ಬಿಡುತ್ತೇನೆ, ಕೀವೇ ಒಂದು ಕಡೆ ಸರಿಯುತ್ತದೆ. ಅಯ್ಯೋ ಪಾಪ ಅವರು ಬಿಟ್ಟಿದ್ದಾರೆ ಅಂತ ಮುಂದಿನ ಸಲ ಇಬ್ಬರೂ ಮಾಡುತ್ತೇವೆ, ಇನ್ನೊಂದು ಕಡೆ ಸರಿಯುತ್ತದೆ. ಮಾತು ಕೊಟ್ಟರೂ ಅಷ್ಟೇ. ನಮ್ಮವರು ಬಿಡುತ್ತೇನೆ ಅಂದದ್ದನ್ನು ಬಿಟ್ಟವರಲ್ಲ, ನಾನು ಅವರಿಗಿಂತ ಒಂದು ಕೈ ಮೇಲು. ಪ್ರೀತಿ ಪ್ರೇಮ ಎಲ್ಲ ಸರಿ, ಅದನ್ನು ನಂಬಿಕೊಂಡು ಕೀವೇ ಕೊರೆಯಲಾಗುವುದಿಲ್ಲ. ಅದಕ್ಕೆ ಮಿಷನ್ನೇ ಬೇಕು. ಹಾಗಂತ ಪೈಗೆ ಹೇಳಿದೆ. ಅವನಿಗೆ ಹೋದ ಜೀವ ಬಂದ ಹಾಗಾಯಿತು.

ಯಾವುದು ಅಂತ ಪೈ ಕೇಳಿದ್ದೇ ತಡ, ನಮ್ಮವರು ನೆಟ್ಟಗೆ ಹೋಗಿ ಅದೇ ದೊಡ್ಡ ಲೇತಿನ ಮುಂದೆ ನಿಂತರು. ಮತ್ತೆ ಅದರ ಮಿಲ್ಲಿಂಗ್ ಟೂಲನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಆಗ ನನಗೆ ತಡೆಯಲಾಗಲಿಲ್ಲ. ಇಷ್ಟಾದಮೇಲೂ ಹೀಗೇ ಅಂದರೆ ಕೇಳಿಯೇ ಬಿಡೋಣ ಅನ್ನಿಸಿತು.

"ನನ್ನನ್ನ ಅಂಗಡಿಯಿಂದ ಕಳಿಸಬೇಕು ಅಂತ ನಿಮಗೆ ಅಷ್ಟು ಆಸೆ ಇದ್ದರೆ ಬಾಯಿಬಿಟ್ಟು ಹೇಳಿ," ಅಂದೆ. "ಆ ಮಿಷನ್ನಿನ ಕೈಲಿ ಯಾಕೆ ಹೇಳಿಸ್ತೀರಿ?"

ಅವರು ನಿಜವಾಗಿಯೂ ಬೆಚ್ಚಿಬಿದ್ದರು.

"ನಿನ್ನನ್ನ ಯಾಕೆ ಕಳಿಸಲಿ?" ಅಂದರು. "ಗುಂಡಗೆ ತಿರುವೋದು ಯಾವ ಮಿಷನ್ನಾದ್ರೂ ತಾನೇ ಮಾಡ್ಕೊಳ್ಳುತ್ತೆ. ಕೀವೇ ಕೊರೆಯೋಕೆ ತಿಳಿದೋರು ಬೇಕು. ನಿನಗೆ ಒಳ್ಳೇ ಟೂಲು ಸಿಗಲಿ ಅಂತ ನೋಡ್ತಿದ್ದೆ. ನಂದೇನು, ಮುಗೀತಲ್ಲ. ಮನೇಲಿ ಅನ್ನ ಸಾರು ಮಾಡ್ಕೊಂಡಿರೋಣ ಅಂತಿದ್ದೆ."

ಅನ್ನ ಸಾರಂತೆ. ಹಾಲು ಉಕ್ಕಿಸದೆ ಕಾಯಿಸಲು ಬಾರದ ಮನುಷ್ಯ. ಅಂದರೆ ಇಷ್ಟು ದಿನ ಆ ಚಿತ್ರದ ಪುಸ್ತಕ ಹಿಡಿದುಕೊಂಡು ತನ್ನನ್ನೇ ತಾನು ಮನೆಗೆ ಕಳಿಸಿಕೊಳ್ಳುವ ಲೆಕ್ಕ ಹಾಕುತ್ತಿದ್ದರು. ನಾನು ನನ್ನ ಜಾಗ ಉಳಿಸಿಕೊಳ್ಳಲು ಕೆಟ್ಟ ಮಿಷನ್ನು ಬೇಕು ಅಂದೆ, ಅವರು ತಮ್ಮ ಜಾಗ ಬಿಟ್ಟುಕೊಡಲು ಒಳ್ಳೆಯದು ಬೇಕು ಅಂದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಪೈ ಇದ್ದರೆ ಇರಲಿ ಅಂತ ಸೆರಗು ಬಾಯಿಗೆ ಹಿಡಿದು ಚೆನ್ನಾಗಿಯೇ ಅತ್ತೆ. ನೀವಿಲ್ಲದ ಅಂಗಡಿಯಲ್ಲಿ ನಾನೊಬ್ಬಳೇ ಆ ಮಿಷನ್ನಿನ ಗಾಜಿನ ಬಾಗಿಲು ನೋಡಿಕೊಂಡು ಯಾರ ಹತ್ತಿರ ಮಾತಾಡಲಿ ಅಂದೆ. ನೀನು ಮಾತಾಡೋಕೆ ಯಾರೂ ಬೇಕಾಗಿಲ್ಲವಲ್ಲ ಅಂದರು. ಇಂಥ ಹೊತ್ತಿನಲ್ಲೂ.

ಪೈಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹೆಂಗಸು ಅಳುವುದನ್ನು ನಿಲ್ಲಿಸಲು ಏನಾದರೂ ಮಾರಬೇಕು ಅಂದುಕೊಂಡನೋ ಏನೋ, ಷೆಡ್ಡಿನ ಮೂಲೆಗೆ ಕರೆದುಕೊಂಡು ಹೋಗಿ ಟಾರ್ಪಾಲು ಸರಿಸಿದ. ಕೆಳಗೊಂದು ಲೇತು. ಉದ್ದ ಮೈ, ಎರಕ ಗಟ್ಟಿ. ಮಿಲ್ಲಿಂಗು ದೊಡ್ಡದರಷ್ಟೇ ಬಲ, ನಮ್ಮ ಕಬ್ಬಿಣಕ್ಕೆ ಅಂಜುವುದಿಲ್ಲ, ಶಾಫ್ಟನ್ನು ಒಮ್ಮೆ ಹಿಡಿದರೆ ಎಲ್ಲ ಮುಗಿಸಿಯೇ ಬಿಡುತ್ತದೆ. ಬೆಲೆ ಹೇಳಿದ. ನಮ್ಮ ಎರಡು ಹಳೆಯ ಮಿಷನ್ನು ಕೊಟ್ಟು ಕೈಯಲ್ಲಿದ್ದದ್ದು ಸೇರಿಸಿದರೆ ಎಟುಕುವಂಥದು. ಇಷ್ಟು ದಿನ ಇದನ್ನು ಯಾಕೆ ತೋರಿಸಲಿಲ್ಲ ಅಂತ ಮೂಗು ಒರೆಸಿಕೊಂಡು ಕೇಳಿದೆ.

"ಇದಕ್ಕೊಂದು ಊನ ಉಂಟು ಮೇಡಂ, ಸುಳ್ಳು ಹೇಳುವುದಿಲ್ಲ," ಅಂದ ಪೈ. "ಆಚೆ ತುದಿಗೆ ಒತ್ತು ಕೊಡುವ ಟೇಲ್‌ಸ್ಟಾಕು ದೊಡ್ಡದರಲ್ಲಿ ತಾನೇ ಬರ್ತದೆ, ಇದರಲ್ಲಿ ಕೈಯಿಂದ ತಳ್ಳಿ ತರಬೇಕು. ನಿಮ್ಮಂಥ ಉದ್ದ ಶಾಫ್ಟು ಕಟ್ಟಲಿಕ್ಕೆ ಒಬ್ಬರಿಂದ ಆಗುವುದೇ ಇಲ್ಲ. ಒಬ್ಬರು ಈಚೆ ಎತ್ತಿ ಹಿಡ್ಕೊಳ್ಳಬೇಕು, ಇನ್ನೊಬ್ಬರು ಆಚೆಯಿಂದ ತಳ್ಳಬೇಕು. ಪ್ರತಿ ಸಲವೂ ಇಬ್ಬರು ಬೇಕು. ಅದಕ್ಕೇ ಯಾರೂ ತಗೊಳ್ಳಲಿಲ್ಲ."

ನಾನು ನಮ್ಮವರ ಕಡೆ ತಿರುಗುವಷ್ಟರಲ್ಲಿ ಅವರು ಆಚೆ ತುದಿಗೆ ಹೋಗಿ ಆ ಟೇಲ್‌ಸ್ಟಾಕಿನ ಮೇಲೆ ಕೈ ಇಟ್ಟು ನಿಂತಾಗಿತ್ತು.

"ಇದೇ ಕೊಡಿ," ಅಂದರು.

ಪೈ ತನ್ನ ಮಾತು ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡು ಊನವನ್ನು ಮತ್ತೊಮ್ಮೆ ವಿವರಿಸಲು ಹೊರಟ. ನಡುವೆ ಯಾರಾದರೂ ರಜೆ ಹಾಕಿದರೆ ಮಿಷನ್ನೇ ನಿಂತುಹೋಗುತ್ತದೆ, ಯೋಚನೆ ಮಾಡಿ ಅಂದ. ಕೇಳಿಸಿತು ಕಣಪ್ಪ, ಯೋಚನೆಯೂ ಆಯಿತು ಅಂದೆ. ಆ ಲೇತು ಊರಿಗೆ ಬಂದದ್ದು, ತಿಪ್ಪೇಸ್ವಾಮಿ ಅಳೆದು ಬಾಯಿ ಮುಚ್ಚಿಕೊಂಡದ್ದು, ದೀಪಾವಳಿಗೆ ಮೇಲಿನ ಬೀದಿಗೆ ನೀರು ಹತ್ತಿದ್ದು ಎಲ್ಲ ಆಮೇಲಿನ ಮಾತು. ಅವತ್ತು ಪೈ ಪೆನ್ನು ತೆಗೆದು, ನಾನು ಇನ್ನು ಚೌಕಾಸಿ ಶುರುಮಾಡುತ್ತೇನೆ ಅಂತ ಹೆದರಿ ಮೊದಲೇ ಹಿತ್ತಲಿಗೆ ಹೋಗಿ ಬಂದು ಕೂತ. ನಾನು ಬಾಯಿ ತೆಗೆದೆ. ಆಚೆ ತುದಿಯಲ್ಲಿ ನಮ್ಮವರು ಟೇಲ್‌ಸ್ಟಾಕನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿ ನೋಡುತ್ತಿದ್ದರು. ತೆಗೆದ ಬಾಯಿ ಮುಚ್ಚಿ, ಪೈ ಹೇಳಿದ ಬೆಲೆಗೇ ಹೂಂ ಅಂತ ತಲೆ ಆಡಿಸಿಬಿಟ್ಟೆ. ಹುಟ್ಟಿದಾಗಿನಿಂದ ಒಂದು ಕಟ್ಟು ಸೊಪ್ಪನ್ನೂ ಚೌಕಾಸಿ ಮಾಡದೆ ಕೊಂಡವಳಲ್ಲ ನಾನು.